ಕುಶಲ ಕೈಯೂ ಊರಿನ ಅತಿಥಿಯೂ

‘ಕುಶಲ’ ಎಂಬ ಶಬ್ದಕ್ಕೆ ನಮ್ಮ ಪ್ರಾಚೀನರು ಹೇಳುವ ವ್ಯುತ್ಪತ್ತಿ ಸೊಗಸಾದುದು. ಕುಶವನ್ನು, ಎಂದರೆ ಅಲಗಿನಂತೆ ಹರಿತವಾದ ದರ್ಭೆಯನ್ನು, ಕೈಗೆ ಗಾಯವಾಗದಂತೆ ಕಿತ್ತು ತರಬಲ್ಲವನೇ ಕುಶಲ. ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಲಕ್ಷಣಾವೃತ್ತಿಯನ್ನು ವಿವರಿಸುವಾಗ ಇದೇ ಶಬ್ದವನ್ನು ಉದಾಹರಣೆಯಾಗಿ ಎತ್ತಿಕೊಳ್ಳುತ್ತಾನೆ. ದರ್ಭೆಯ ಸಂಬಂಧ ಮರೆತುಹೋಗಿ, ಯಾವುದೇ ಕೆಲಸದಲ್ಲಿ ನುರಿತವನಿಗೆ ಆ ಹೆಸರು ರೂಢಿಯಾಯಿತೆಂಬುದು ಅಲ್ಲಿಯ ವಿಚಾರ. ಆದರೆ ಮೂಲದ ಅರ್ಥದಲ್ಲಿ ಒಂದು ಸತ್ಯ ಅಡಗಿದೆ. ದರ್ಭೆಯ ಹರಿತವೆಷ್ಟೆಂಬುದು ಅದನ್ನು ಹಿಡಿದ ಕೈಗೆ ಮಾತ್ರ ಗೊತ್ತು. ನೋಡುವ ಕಣ್ಣಿಗೆ ಅದು ಬರಿಯ ಹುಲ್ಲು.

ಈ ಮಾತನ್ನು ನೆನೆಯಲು ಕಾರಣವಿದೆ. ಈಚಿನ ದಿನಗಳಲ್ಲಿ ಜಪಾನಿನ ನಗರಗಳಿಗೆ ಹೋಗಿಬಂದವರು ಅಲ್ಲಿಯ ದೇವಾಲಯಗಳನ್ನೂ ವೇಗದ ರೈಲುಗಳನ್ನೂ ವರ್ಣಿಸುವುದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತಾರೆ. ಅಲ್ಲಿ ಕಸುಬಿನ ಅಂಗಡಿಯೆಂದರೆ ಬರಿಯ ಮಾರಾಟದ ಸ್ಥಳವಲ್ಲ. ಬಂದ ಅತಿಥಿಯನ್ನು ಒಳಗೆ ಕರೆದು, ಕೂರಿಸಿ, ಒಂದು ಗಂಟೆಯ ಮಟ್ಟಿಗೆ ಅವನ ಕೈಗೂ ಕೆಲಸ ಕೊಡುತ್ತಾರೆ. ಕನಜಾವಾ ನಗರದಲ್ಲಿ ಚಿನ್ನದ ರೇಕನ್ನು ಒಂದು ಪುಟ್ಟ ಪೆಟ್ಟಿಗೆಯ ಮೇಲೆ ಹಚ್ಚಬಹುದು. ತೊಕುಶಿಮಾದಲ್ಲಿ ಕರವಸ್ತ್ರವನ್ನು ನೀಲಿಯ ತೊಟ್ಟಿಯಲ್ಲಿ ಅದ್ದಿ ತೆಗೆಯಬಹುದು. ನನ್ನ ಮಗಳ ಸಂಸಾರ ಕೆಲವು ಕಾಲ ಒಸಾಕಾದಲ್ಲಿದ್ದಾಗ ನಾನೂ ಹತ್ತಿರದ ಕ್ಯೋಟೋ ನಗರವನ್ನು ಕಂಡುಬಂದೆ. ಅಲ್ಲಿಯ ನಿಶಿಜಿನ್ ಎಂಬ ನೇಕಾರರ ಕೇರಿಯಲ್ಲಿ ಓಡಾಡುವಾಗ ನನ್ನ ಮನಸ್ಸು ದಾವಣಗೆರೆಯ ಹಳೆಯ ಬೀದಿಗಳಲ್ಲಿ ಸುತ್ತುತ್ತಿತ್ತು.

ಜಪಾನಿನಲ್ಲಿ ಈ ಏರ್ಪಾಡು ತಾನಾಗಿ ಬೆಳೆದುದಲ್ಲ. ಯಂತ್ರದ ಸರಕು ಮಾರುಕಟ್ಟೆಯನ್ನು ತುಂಬತೊಡಗಿದ ಕಾಲದಲ್ಲಿ, 1925ರ ಸುಮಾರಿಗೆ, ಯನಾಗಿ ಸೋಯೆತ್ಸು ಎಂಬ ಚಿಂತಕರು ತಮ್ಮ ಗೆಳೆಯರೊಡನೆ ‘ಮಿಂಗೇಯ್’ ಎಂಬ ಹೊಸ ಶಬ್ದವನ್ನು ಬಳಕೆಗೆ ತಂದರು. ಜನಸಾಮಾನ್ಯರ ಕಲೆ ಎಂದು ಅದರ ಅರ್ಥ. ಹೆಸರಿಲ್ಲದ ಕುಂಬಾರ ನಿತ್ಯದ ಬಳಕೆಗಾಗಿ ಮಾಡಿದ ಬಟ್ಟಲಿನಲ್ಲಿಯೂ ಸೌಂದರ್ಯವಿದೆ, ಅದು ಬಳಕೆಯಿಂದಲೇ ಹುಟ್ಟಿದ ಸೌಂದರ್ಯ, ಎಂಬುದು ಅವರ ವಾದ. 1936ರಲ್ಲಿ ಅವರು ಟೋಕಿಯೋದಲ್ಲಿ ಇಂಥ ವಸ್ತುಗಳದೇ ಒಂದು ಸಂಗ್ರಹಾಲಯವನ್ನು ತೆರೆದರು. ಮುಂದೆ 1950ರ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಯ ಕಾನೂನು, 1974ರ ಸಾಂಪ್ರದಾಯಿಕ ಕಸುಬುಗಳ ಕಾನೂನು ಬಂದವು. ಈ ಎರಡನೆಯ ಕಾನೂನು ವಿಧಿಸುವ ನಿಯಮಗಳು ಗಮನಾರ್ಹವಾಗಿವೆ. ವಸ್ತು ದಿನಬಳಕೆಯದಾಗಿರಬೇಕು, ಮುಖ್ಯವಾದ ಹಂತಗಳು ಕೈಯಿಂದಲೇ ನಡೆಯಬೇಕು, ವಿಧಾನವೂ ಸಾಮಗ್ರಿಯೂ ಸುಮಾರು ನೂರು ವರ್ಷಗಳಷ್ಟಾದರೂ ಹಳೆಯದಾಗಿರಬೇಕು, ಒಂದು ನಿರ್ದಿಷ್ಟ ಪ್ರದೇಶದಲ್ಲಿ ಸಾಕಷ್ಟು ಮಂದಿ ಅದರಿಂದ ಜೀವಿಸುತ್ತಿರಬೇಕು. ಒಬ್ಬನೇ ಒಬ್ಬ ಕಲಾವಿದನ ಪ್ರತಿಭೆಗಿಂತ ಒಂದು ಊರಿನ ಕಸುಬು ಈ ಕಾನೂನಿನ ಕಣ್ಣಿಗೆ ಬೀಳುತ್ತದೆ.

ಈ ಅಳತೆಗೋಲನ್ನು ಹಿಡಿದು ನಮ್ಮ ಊರುಗಳನ್ನು ನೋಡೋಣ. ದಾವಣಗೆರೆಯೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬೆಣ್ಣೆದೋಸೆ. ಸ್ವಲ್ಪ ಹಿರಿಯರಿಗೆ ಹತ್ತಿಯ ಗಿರಣಿಗಳು ನೆನಪಾಗುತ್ತವೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಆ ಗಿರಣಿಗಳಿಂದ ಬಂದುದು. ಅವುಗಳ ಕಾಲ ಇಪ್ಪತ್ತನೆಯ ಶತಮಾನದೊಂದಿಗೇ ಬಹುಮಟ್ಟಿಗೆ ಮುಗಿಯಿತು. ಆದರೆ ಗಿರಣಿಗೂ ದೋಸೆಗೂ ಮುಂಚೆ ಈ ಊರಿಗೆ ಹೆಸರು ತಂದುದು ಕಂಬಳಿ. ಹೈದರಾಲಿಯು ಈ ಊರನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟಾಗ, ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದನೆಂದು ಇತಿಹಾಸ ಹೇಳುತ್ತದೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿಯೇ ಹಾದುಹೋದಾಗ ಇಲ್ಲಿಯ ಕಂಬಳಿಯ ಕಸುಬನ್ನು ಗಮನಿಸಿದನು.

ಕಂಬಳಿಯನ್ನು ಹೊದೆದವರು ಬಹಳ ಮಂದಿ. ಅದು ಹೇಗಾಗುತ್ತದೆಂದು ಬಲ್ಲವರು ಕಡಿಮೆ. ದಖನಿ ತಳಿಯ ಕರಿಯ ಕುರಿಯಿಂದ ಉಣ್ಣೆಯನ್ನು ಕತ್ತರಿಸಿ, ಕಸ ಕಡ್ಡಿಗಳನ್ನು ಆರಿಸಿ, ಹಿಂಜಿ ಹಗುರ ಮಾಡುತ್ತಾರೆ. ನೂಲುವುದು ಹೆಚ್ಚಾಗಿ ಮನೆಯ ಹೆಂಗಸರ ಕೆಲಸ. ಆಮೇಲಿನ ಹಂತದಲ್ಲಿಯೇ ಕಂಬಳಿಯ ಗುಟ್ಟಿದೆ. ಹುಣಸೆಯ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದ ಗಂಜಿಯನ್ನು ಬಯಲಿನಲ್ಲಿ ಹಾಸಿದ ಹಾಸುನೂಲಿಗೆ ದೊಡ್ಡ ಕುಂಚದಿಂದ ಬಳಿಯುತ್ತಾರೆ. ಗಂಜಿ ತೆಳುವಾದರೆ ಮಗ್ಗದ ಮೇಲೆ ನೂಲು ಹರಿಯುತ್ತದೆ. ಗಟ್ಟಿಯಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದರ ಹದ ಇಂಥದೆಂದು ಬರೆದಿಟ್ಟ ಪುಸ್ತಕವಿಲ್ಲ; ಅದು ಬೆರಳಿನ ತುದಿಯಲ್ಲಿದೆ. ಆ ಬಳಿಕ ಗುಣಿಮಗ್ಗದಲ್ಲಿ, ನೆಲದ ಗುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ನೇಯುತ್ತಾರೆ. ಹೀಗೆ ಹುಟ್ಟಿದ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಹೊಲದಲ್ಲಿ ಹಾಸಿಗೆ. ಹಾಲುಮತದವರ ಪೂಜೆಯಲ್ಲಿ ಅದೇ ಗದ್ದುಗೆ.

ಈಗ ಕುರಿಯನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕುತ್ತಾರೆ. ಕತ್ತರಿಸಿದ ಉಣ್ಣೆಗೆ ಕತ್ತರಿಸುವ ಕೂಲಿಯೂ ಹುಟ್ಟದೆ, ಎಷ್ಟೋ ಕಡೆ ಅದನ್ನು ಎಸೆಯುವುದೂ ಉಂಟು. ಗಿರಣಿಯ ಅಗ್ಗದ ರಗ್ಗು ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಮಗ್ಗದ ಮನೆಯೊಂದಕ್ಕೆ ನಾನು ಹೋಗಿದ್ದಾಗ ಅಲ್ಲಿಯ ಹಿರಿಯರು, “ನೋಡೋಕೆ ಬಂದೋರು ಫೋಟೋ ತಕ್ಕಂಡು ಹೋಗ್ತಾರೆ ಸಾರ್, ಕಂಬಳಿ ತಗಳಲ್ಲ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಒಬ್ಬ ಅತಿಥಿಗಾಗಿ ಮಗ್ಗವನ್ನು ಅರ್ಧ ಗಂಟೆ ನಿಲ್ಲಿಸಿದರೆ ಆ ಹೊತ್ತಿನ ಗಳಿಕೆಯೂ ನಿಲ್ಲುತ್ತದೆ. ಜಪಾನಿನ ಅಂಗಡಿಯವರು ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಬಿಡಿಸಿದ್ದಾರೆ. ತೋರಿಸುವ ಹೊತ್ತಿಗೂ ಕಲಿಸುವ ಹೊತ್ತಿಗೂ ಅವರು ಬೆಲೆ ಕಟ್ಟಿದ್ದಾರೆ, ಅತಿಥಿಯೂ ಅದನ್ನು ಸಂಕೋಚವಿಲ್ಲದೆ ತೆರುತ್ತಾನೆ. ಇದರಿಂದ ಇನ್ನೊಂದು ಲಾಭವೂ ಇದೆ. ಒಂದು ಗಂಟೆ ಲಾಳಿಯನ್ನು ಹಿಡಿದವನು ಮರುದಿನ ಅಂಗಡಿಯಲ್ಲಿ ಚೌಕಾಸಿ ಮಾಡಲಾರ. ಬೆಲೆಯ ಹಿಂದಿನ ಬೆವರು ಅವನ ಅನುಭವಕ್ಕೆ ಬಂದಿರುತ್ತದೆ.

ದಾವಣಗೆರೆಯಿಂದ 14 ಕಿಲೋಮೀಟರಿನಷ್ಟು ದೂರದಲ್ಲಿ, ತುಂಗಭದ್ರೆಯ ದಡದಲ್ಲಿ, ಹರಿಹರವಿದೆ. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1223–24ರಲ್ಲಿ ಕಟ್ಟಿಸಿದನು. ಅದರ ಮಂಟಪದ ಕಂಬಗಳನ್ನು ಮುಟ್ಟಿ ನೋಡಿದವರಿಗೆ ಆ ದುಂಡು, ಆ ನುಣುಪು, ಒಂದರ ಮೇಲೊಂದು ಬಳೆ ತೊಡಿಸಿದಂಥ ಆ ಗೆರೆಗಳು ಬೆರಗು ಹುಟ್ಟಿಸುತ್ತವೆ. ಮೃದುವಾದ ಬಳಪದ ಕಲ್ಲನ್ನು ತಿರುಗಣೆಗೆ ಹಾಕಿ ಕಡೆದ ಕಂಬಗಳು ಇವು ಎಂದು ವಿದ್ವಾಂಸರು ಹೇಳುತ್ತಾರೆ. ಇದಾದ ಏಳು ಶತಮಾನಗಳ ಮೇಲೆ, 1941ರಲ್ಲಿ, ಅದೇ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅದು ತಯಾರಿಸಿದ ಮುಖ್ಯ ವಸ್ತುವೆಂದರೆ ಲೇತ್, ಎಂದರೆ ಅದೇ ತಿರುಗಣೆ, ಈಗ ಉಕ್ಕಿನಲ್ಲಿ! ಕಾಲದ ಈ ಹೊಂದಿಕೆ ಆಕಸ್ಮಿಕವೇ ಇರಬಹುದು. ಆದರೆ ಒಂದು ಊರಿಗೆ ತನ್ನ ಕಥೆಯನ್ನು ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಎಳೆ ಸಿಕ್ಕದು. ಆ ಕಾರ್ಖಾನೆ ಈಗ ಇಲ್ಲ. ಅಲ್ಲಿ ದುಡಿದು ನಿವೃತ್ತರಾದವರ ಕೈಗಳಲ್ಲಿ ಮಾತ್ರ ಆ ವಿದ್ಯೆ ಇನ್ನೂ ಉಳಿದಿದೆ. ದೇವಾಲಯಕ್ಕೆ ಬಂದ ಯಾತ್ರಿಕನಿಗೆ ಕಂಬವನ್ನು ತೋರಿಸಿ, ಪಕ್ಕದಲ್ಲಿಯೇ ಒಂದು ಸಣ್ಣ ತಿರುಗಣೆಯಲ್ಲಿ ಮರದ ತುಂಡನ್ನು ಕಡೆದು ತೋರಿಸುವ ಒಬ್ಬ ಹಿರಿಯನಿದ್ದರೆ, ಹೊಯ್ಸಳರ ಶಿಲ್ಪ ಎಷ್ಟು ಬೇಗ ಅರ್ಥವಾದೀತು!

ತಿರುಗಣೆಯ ಮಾತು ಬಂದುದರಿಂದ ಚನ್ನಪಟ್ಟಣವನ್ನು ನೆನೆಯಲೇಬೇಕು. ಅಲ್ಲಿ ಹಾಲೆಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಜಪಾನಿನ ಈಶಾನ್ಯ ಭಾಗದಲ್ಲಿ ಹೀಗೆಯೇ ತಿರುಗಣೆಯಲ್ಲಿ ಕಡೆಯುವ ಕೊಕೆಶಿ ಎಂಬ ಗೊಂಬೆಯಿದೆ. ಕೈಕಾಲುಗಳಿಲ್ಲದ, ದುಂಡು ತಲೆಯ, ಸರಳವಾದ ಗೊಂಬೆ. ಬಿಸಿನೀರಿನ ಬುಗ್ಗೆಗಳಿಗೆ ಸ್ನಾನಕ್ಕೆಂದು ಬಂದವರು ಮನೆಗೆ ಕೊಂಡೊಯ್ಯುವ ನೆನಪಿನ ಕಾಣಿಕೆಯಾಗಿ ಅದು ಬೆಳೆಯಿತು. ಈಗ ಅಲ್ಲಿಯ ಕುಶಲಕರ್ಮಿ ಗೊಂಬೆಯನ್ನು ತಾನೇ ಕಡೆದು, ಮುಖವನ್ನು ಬರೆಯುವ ಕುಂಚವನ್ನು ಅತಿಥಿಯ ಕೈಗೆ ಕೊಡುತ್ತಾನೆ. ಉಳಿಯನ್ನು ಕೊಡುವುದಿಲ್ಲ. ಅಪಾಯವಿರುವ, ವರ್ಷಗಟ್ಟಲೆ ಕಲಿಯಬೇಕಾದ ಹಂತವನ್ನು ತನ್ನಲ್ಲಿಯೇ ಇಟ್ಟುಕೊಂಡು, ಹೊಸಬನು ಸಂತೋಷದಿಂದ ಮುಗಿಸಬಲ್ಲ ಹಂತವನ್ನಷ್ಟೇ ಬಿಟ್ಟುಕೊಡುವ ಈ ವಿವೇಕವನ್ನು ನಾವು ಕಲಿಯಬೇಕು.

ಎಲ್ಲ ಕಸುಬೂ ಅತಿಥಿಯ ಕೈಗೆ ಒಗ್ಗುವುದಿಲ್ಲವೆಂಬುದಕ್ಕೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳೇ ಸಾಕ್ಷಿ. ಭದ್ರಾ ನಾಲೆಯ ನೀರಿನಿಂದ ಈ ಸೀಮೆಯಲ್ಲಿ ಭತ್ತ ಹೆಚ್ಚಿತು. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದ ಬೀದಿಯೇ ಇಲ್ಲವೆಂಬಂತಾಯಿತು. ನೆನೆಸಿ ಹದಮಾಡಿದ ಭತ್ತದಿಂದ ಅಕ್ಕಿ ತೆಗೆದು, ಉಪ್ಪುನೀರು ಬೆರೆಸಿ ಒಣಗಿಸಿ, ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಮಂಡಕ್ಕಿಯಾಗುತ್ತದೆ. ಒಂದು ಕ್ಷಣ ತಡವಾದರೆ ಕರಕಲು, ಒಂದು ಕ್ಷಣ ಮೊದಲಾದರೆ ಗಟ್ಟಿಕಾಳು. ನೋಡಲು ಇಂದ್ರಜಾಲದಂತಿರುವ ಈ ಕೆಲಸ ನಡೆಯುವುದು ಮಾತ್ರ ಬೆಂಕಿಯ ಝಳದಲ್ಲಿ, ಹೊಗೆಯ ನಡುವೆ, ಬಡ ಕುಟುಂಬಗಳ ಕೈಯಲ್ಲಿ. ಅಲ್ಲಿ ಮೊದಲು ಆಗಬೇಕಾದುದು ಒಳ್ಳೆಯ ಒಲೆ, ಎತ್ತರದ ಹೊಗೆಕೊಳವೆ, ನ್ಯಾಯವಾದ ಕೂಲಿ. ಇವಿಲ್ಲದೆ ಅತಿಥಿಗಳನ್ನು ಕರೆದೊಯ್ದರೆ ಅದು ಇತರರ ಕಷ್ಟವನ್ನು ನೋಟವಾಗಿ ಮಾರಿದಂತಾದೀತು.

ಜಪಾನಿನಲ್ಲಿಯೂ ಎಲ್ಲವೂ ಸುಗಮವಾಗಿಲ್ಲವೆಂಬುದನ್ನು ಹೇಳಲೇಬೇಕು. ಕಿಮೋನೋ ಉಡುವವರು ಕಡಿಮೆಯಾದಂತೆ ನಿಶಿಜಿನ್ ನೇಯ್ಗೆಗೆ ಬೇಡಿಕೆ ಕುಗ್ಗಿದೆ. ಕುಶಲಕರ್ಮಿಗಳಿಗೆ ವಯಸ್ಸಾಗುತ್ತಿದೆ, ಉತ್ತರಾಧಿಕಾರಿಗಳು ಸಿಕ್ಕುತ್ತಿಲ್ಲ. ಕ್ಯೋಟೋದ ಕೆಲವು ಬೀದಿಗಳಲ್ಲಿ ಪ್ರವಾಸಿಗರ ನೂಕುನುಗ್ಗಲು ನಿವಾಸಿಗಳಿಗೇ ಬೇಸರ ತಂದಿದೆ. ಅತಿಥಿಯ ಹಣ ಕಸುಬಿಗೆ ಊರುಗೋಲಾದೀತೇ ಹೊರತು ಕಾಲಾಗಲಾರದು. ಊರಿನವರೇ ಕೊಳ್ಳದ ವಸ್ತುವನ್ನು ಪರದೇಶದವನೊಬ್ಬ ಎಷ್ಟು ದಿನ ಬದುಕಿಸಬಲ್ಲ?

ಆದ್ದರಿಂದ ನಮ್ಮ ಊರುಗಳಲ್ಲಿ ಈ ಕೆಲಸ ಆರಂಭವಾಗಬೇಕಾದುದು ದೂರದ ಪ್ರವಾಸಿಯಿಂದಲ್ಲ ಎಂದು ನನಗೆ ತೋರುತ್ತದೆ. ನಮ್ಮ ಮಕ್ಕಳೇ ಇಂದು ಈ ಕಸುಬುಗಳಿಗೆ ಪರಸ್ಥಳದವರು. ವಚನಕಾರರನ್ನು ತರಗತಿಯಲ್ಲಿ ಹಲವು ದಶಕ ಪಾಠ ಹೇಳಿದವನು ನಾನು. ಜೇಡರ ದಾಸಿಮಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ — ಇವರ ಹೆಸರಿನಲ್ಲಿಯೇ ಕಸುಬು ಕುಳಿತಿದೆ. ಆದರೆ ಜೇಡನೆಂದರೆ ನೇಕಾರನೆಂದು ಉತ್ತರಪತ್ರಿಕೆಯಲ್ಲಿ ಸರಿಯಾಗಿ ಬರೆದ ವಿದ್ಯಾರ್ಥಿಗಳಲ್ಲಿ ಮಗ್ಗವನ್ನು ಮುಟ್ಟಿದವರು ಎಷ್ಟು ಮಂದಿ? ವರ್ಷಕ್ಕೊಂದು ದಿನ ಪ್ರತಿ ಶಾಲೆಯ ಮಕ್ಕಳು ಒಂದು ಮಗ್ಗದ ಮನೆಗೆ ಹೋಗಲಿ. ನೇಕಾರನಿಗೆ ಆ ದಿನದ ಗೌರವಧನ ಸಲ್ಲಲಿ. ಮಕ್ಕಳು ಒಂದು ಗೇಣು ನೂತು, ಒಂದು ಬೆರಳಗಲ ನೇಯ್ದು ಬರಲಿ. ಹಾಗೆ ಬೆಳೆದ ಮಗು ಮುಂದೆ ತನ್ನ ಮನೆಗೆ ಬಂದ ಅತಿಥಿಯನ್ನು ಬೆಣ್ಣೆದೋಸೆಯ ಹೋಟೆಲಿಗೆ ಕರೆದೊಯ್ದಂತೆಯೇ ಕಂಬಳಿಯ ಮಗ್ಗಕ್ಕೂ ಹರಿಹರದ ಕಂಬದ ಬಳಿಗೂ ಕರೆದೊಯ್ದೀತು. ಆ ದಿನದವರೆಗೆ ಹುಣಸೆಗಂಜಿಯ ಹದವನ್ನು ಬಲ್ಲ ಬೆರಳುಗಳು ನಮ್ಮ ನಡುವೆ ಉಳಿದಿರಬೇಕು.