ಸ್ವಿಚ್ಚಿನ ತಾಮ್ರದ ಪೋರ್ಟು, ಫೈಬರ್ ಪೋರ್ಟು: ಯಾವುದು ಎಲ್ಲಿಗೆ?

ಬೆಳೆಗಾರ ಬಂಧುಗಳಲ್ಲಿ ಅನೇಕರ ಮಕ್ಕಳು ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗಗಳಲ್ಲಿ ನೆಲೆಸಿದ್ದಾರೆ. ತೋಟದ ಕಣಕ್ಕೋ ಗೋದಾಮಿಗೋ ಕ್ಯಾಮರಾ ಹಾಕಬೇಕೆಂದಾಗ ಸಾಮಾನು ಬರುವುದೂ ಅಲ್ಲಿಂದಲೇ. ಎಸ್.ಪಿ. ರಸ್ತೆಯಲ್ಲಿ ಕೊಂಡ ಸ್ವಿಚ್ಚು, ಜೊತೆಗೆ ಒಂದು ಸುರುಳಿ ಕೇಬಲು ಬಸ್ಸಿನಲ್ಲಿ ಊರಿಗೆ ಬಂದಿಳಿಯುತ್ತವೆ. ನಗರದ ಮನೆಯಲ್ಲಿ ಚೆನ್ನಾಗಿ ನಡೆದ ಇಂಥ ಏರ್ಪಾಡು ತೋಟದಲ್ಲಿ ಮೊದಲ ಗುಡುಗು ಮಳೆಗೇ ಸುಟ್ಟುಹೋಗುವುದುಂಟು. ಇದು ಬಹುಮಟ್ಟಿಗೆ ಸಾಮಾನಿನ ದೋಷವಲ್ಲ. ತಾಮ್ರ ಎಲ್ಲಿಗೆ, ಫೈಬರ್ ಎಲ್ಲಿಗೆ ಎಂಬುದನ್ನು ತಿಳಿದು ಕೊಂಡರೆ ಈ ನಷ್ಟವನ್ನು ತಪ್ಪಿಸಬಹುದು.

ಸ್ವಿಚ್ಚು ಎಂದರೇನು?

ಇದು ದೀಪ ಹಾಕುವ ಸ್ವಿಚ್ಚಲ್ಲ. ಕಂಪ್ಯೂಟರು, ಕ್ಯಾಮರಾ ಮೊದಲಾದವುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಳಾಸ ನೋಡಿ ವಿಂಗಡಿಸುವಂತೆ, ಒಂದು ಕಡೆಯಿಂದ ಬಂದ ಮಾಹಿತಿಯನ್ನು ಇದು ಸೇರಬೇಕಾದ ಕಡೆಗೇ ಕಳಿಸುತ್ತದೆ. ಕೇಬಲು ಸಿಕ್ಕಿಸಲು ಇದರಲ್ಲಿರುವ ಕಿಂಡಿಗಳೇ ಪೋರ್ಟುಗಳು. ಇವುಗಳಲ್ಲಿ ಎರಡು ಬಗೆ.

ತಾಮ್ರದ ಪೋರ್ಟು

ಚೌಕಾಕಾರದ, ಒಳಗೆ ಎಂಟು ಲೋಹದ ಕಡ್ಡಿಗಳಿರುವ ಕಿಂಡಿ ಇದು. ಅಂಗಡಿಯವರು ಆರ್.ಜೆ. ೪೫ ಎನ್ನುತ್ತಾರೆ. ಇದಕ್ಕೆ ಸೇರುವ ಕೇಬಲಿನಲ್ಲಿ ಎಂಟು ತಾಮ್ರದ ತಂತಿಗಳು ಎರಡೆರಡಾಗಿ ಹೆಣೆದುಕೊಂಡಿರುತ್ತವೆ. ಮಾಹಿತಿ ಹರಿಯುವುದು ವಿದ್ಯುತ್ತಿನ ರೂಪದಲ್ಲಿ.

ಇದು ಅಗ್ಗ, ಜೋಡಿಸುವುದೂ ಸುಲಭ. ಮೇಲಾಗಿ ಪಿ.ಓ.ಇ. ಎಂಬ ಸೌಲಭ್ಯವಿರುವ ಸ್ವಿಚ್ಚಾದರೆ ಇದೇ ಕೇಬಲಿನಲ್ಲಿ ಕ್ಯಾಮರಾಕ್ಕೆ ಬೇಕಾದ ವಿದ್ಯುತ್ತನ್ನೂ ಕೊಡಬಹುದು. ಮೊದಲ ದರ್ಜೆಯಲ್ಲಿ ಪ್ರತಿ ಪೋರ್ಟಿಗೆ ೧೫.೪ ವ್ಯಾಟ್, ಅದರ ಮೇಲಿನ ದರ್ಜೆಯಲ್ಲಿ ೩೦ ವ್ಯಾಟ್ ದೊರೆಯುತ್ತದೆ.

ಆದರೆ ಇದಕ್ಕೆ ೧೦೦ ಮೀಟರಿನ ಮಿತಿಯಿದೆ. ನಗರದ ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಕಟ್ಟಿದ ಮನೆಗೆ ಈ ಮಿತಿ ಎಂದೂ ಅಡ್ಡ ಬರುವುದಿಲ್ಲ. ನಮ್ಮಲ್ಲಿ ಮನೆಯಿಂದ ಕಣಕ್ಕೋ ಪಲ್ಪರ್ ಮನೆಗೋ ೨೦೦-೩೦೦ ಮೀಟರ್ ಇರುವುದು ಸಾಮಾನ್ಯ.

ಕೊಳ್ಳುವಾಗ ಶುದ್ಧ ತಾಮ್ರದ ಕೇಬಲನ್ನೇ ಕೇಳಿ ಪಡೆಯಿರಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯೂ ಮಾರಾಟಕ್ಕಿದೆ. ಅದು ಬೇಗ ತುಂಡಾಗುತ್ತದೆ, ಪಿ.ಓ.ಇ. ವಿದ್ಯುತ್ತು ಹರಿದಾಗ ಹೆಚ್ಚು ಬಿಸಿಯಾಗುತ್ತದೆ.

ಫೈಬರ್ ಪೋರ್ಟು

ಫೈಬರ್ ಎಂದರೆ ಗಾಜಿನ ಎಳೆ. ಗಾಜಿನ ದಪ್ಪ ೧೨೫ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಇದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಶುದ್ಧ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಬಹುದೂರ ಸುದ್ದಿ ಕಳಿಸಬಹುದೆಂದು ೧೯೬೬ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೊ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಸ್ವಿಚ್ಚಿನಲ್ಲಿ ಫೈಬರಿಗಾಗಿ ಸಾಮಾನ್ಯವಾಗಿ ಒಂದು ಖಾಲಿ ಗೂಡು ಇರುತ್ತದೆ. ಅದರ ಹೆಸರು ಎಸ್.ಎಫ್.ಪಿ. ಇದರೊಳಗೆ ಕೂರುವ ಕಿರುಬೆರಳುದ್ದದ ಮಾಡ್ಯೂಲನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ವಿದ್ಯುತ್ತನ್ನು ಬೆಳಕಾಗಿ, ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವುದು ಇದರ ಕೆಲಸ. ಸ್ವಿಚ್ಚು ಕೊಂಡು ಮಾಡ್ಯೂಲು ಮರೆತರೆ ಮತ್ತೊಮ್ಮೆ ಬೆಂಗಳೂರಿಗೆ ಹೇಳಿ ಕಳಿಸಬೇಕಾಗುತ್ತದೆ.

ಗಾಜಿನ ಎಳೆಯಲ್ಲೂ ಎರಡು ಜಾತಿ. ಮಲ್ಟಿಮೋಡ್ ಎಂಬುದು ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದಲ್ಲಿ ಹೆಚ್ಚೆಂದರೆ ೫೫೦ ಮೀಟರಿನವರೆಗೆ ನಡೆಯುತ್ತದೆ. ಸಿಂಗಲ್ ಮೋಡ್ ಎಂಬುದು ಅದೇ ವೇಗದಲ್ಲಿ ಸಾಮಾನ್ಯ ಮಾಡ್ಯೂಲಿನಿಂದಲೇ ೧೦ ಕಿ.ಮೀ. ಮುಟ್ಟುತ್ತದೆ, ವಿಜಯನಗರದಿಂದ ಕೆಂಗೇರಿಗೆ ಹೆಚ್ಚುಕಡಿಮೆ ಇರುವಷ್ಟು ದೂರ. ತೋಟಕ್ಕೆ ಸಿಂಗಲ್ ಮೋಡ್ ಸೂಕ್ತ. ಎರಡು ತುದಿಯ ಮಾಡ್ಯೂಲುಗಳು ವೇಗದಲ್ಲೂ ಜಾತಿಯಲ್ಲೂ ಹೊಂದಬೇಕು. ಒಂದೇ ಎಳೆಯಲ್ಲಿ ಹೋಗಿಬರುವ ಬಗೆಯದಾದರೆ, ಪರಸ್ಪರ ಒಪ್ಪುವ ಜೋಡಿಯನ್ನೇ ಕೊಳ್ಳಬೇಕು.

ಸಿಡಿಲಿನ ಮಾತು

ನಮಗೆ ಮುಖ್ಯವಾದದ್ದು ಇದು. ಮಾರ್ಚಿಯಿಂದ ಮೇ ತನಕ ಹೂಮಳೆಯೊಡನೆ ಗುಡುಗು ಸಿಡಿಲುಗಳೂ ಬರುತ್ತವೆ. ಸಿಡಿಲು ಕೇಬಲಿಗೇ ಹೊಡೆಯಬೇಕೆಂದಿಲ್ಲ. ಸಮೀಪದಲ್ಲಿ ಬಿದ್ದರೂ ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಉದ್ದನೆಯ ತಾಮ್ರದ ತಂತಿಯಲ್ಲಿ ವಿದ್ಯುತ್ ಉಕ್ಕಿ ಎರಡು ತುದಿಯ ಉಪಕರಣಗಳನ್ನೂ ಸುಡಬಲ್ಲುದು. ಆದುದರಿಂದ ದೂರ ೧೦೦ ಮೀಟರಿಗಿಂತ ಕಡಿಮೆಯಿದ್ದರೂ ಕಟ್ಟಡಗಳ ನಡುವೆ ಫೈಬರ್ ಲೇಸು. ಗಾಜಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ.

ಆದರೆ ಉಕ್ಕಿನ ಕವಚದ ಫೈಬರ್ ಕೇಬಲಿನಲ್ಲಿ ಆ ಉಕ್ಕೇ ವಿದ್ಯುತ್ತನ್ನು ತರಬಹುದು. ಲೋಹವಿಲ್ಲದ ಕೇಬಲನ್ನು ಕೇಳಿ, ಅಥವಾ ಕವಚಕ್ಕೆ ಅರ್ಥಿಂಗ್ ಕೊಡಿಸಿ. ಕರೆಂಟಿನ ತಂತಿಯಿಂದ ಬರುವ ಏರುಪೇರನ್ನು ಫೈಬರ್ ತಡೆಯದು. ಅದಕ್ಕೆ ಬೇರೆ ರಕ್ಷಣೆ ಬೇಕೇ ಬೇಕು.

ತೋಟದಲ್ಲಿ ಜೋಡಣೆ

ಮನೆಯಿಂದ ೨೫೦ ಮೀಟರ್ ದೂರದ ಕಣದಲ್ಲಿ ಮೂರು ಕ್ಯಾಮರಾ ಬೇಕೆನ್ನೋಣ. ಮನೆಯಲ್ಲೊಂದು, ಕಣದ ಕೊಠಡಿಯಲ್ಲೊಂದು ಸ್ವಿಚ್ಚು, ಎರಡಕ್ಕೂ ಎಸ್.ಎಫ್.ಪಿ. ಗೂಡು ಇರಬೇಕು, ಕಣದ ಸ್ವಿಚ್ಚಿಗೆ ಪಿ.ಓ.ಇ. ಸಹ ಇರಬೇಕು. ಇವೆರಡರ ನಡುವೆ ನಾಲ್ಕು ಎಳೆಯ ಸಿಂಗಲ್ ಮೋಡ್ ಕೇಬಲು: ಎರಡು ಎಳೆ ಬಳಕೆಗೆ, ಎರಡು ಆಪತ್ಕಾಲಕ್ಕೆ. ಕಣದಿಂದ ಕ್ಯಾಮರಾಗಳಿಗೆ ತಾಮ್ರ. ಫೈಬರ್ ವಿದ್ಯುತ್ತನ್ನು ಒಯ್ಯದ ಕಾರಣ ಕಣದಲ್ಲಿ ಕರೆಂಟು ಇರಲೇಬೇಕು.

ಕೇಬಲನ್ನು ಪೈಪಿನೊಳಗೆ ಹಾಕಿ, ಅಗತೆಯ ಗುದ್ದಲಿಗೆ ಸಿಗದಷ್ಟು ಆಳದಲ್ಲಿ ಹೂಳುವುದು ಒಳ್ಳೆಯದು. ಅಡಿಕೆ ಮರಗಳ ನಡುವೆ ತೂಗುಹಾಕಿದರೆ ಬೀಳುವ ಸೋಗೆಯೇ ಅದಕ್ಕೆ ಶತ್ರು. ಕೇಬಲನ್ನು ಚೂಪಾಗಿ ಮಡಿಸಬಾರದು. ತುದಿಗೆ ಧೂಳು ತಾಗದಂತೆ ಮುಚ್ಚಳ ಹಾಕಿಡಬೇಕು. ಉರಿಯುತ್ತಿರುವ ಎಳೆಯ ತುದಿಯನ್ನು ಕಣ್ಣಿಟ್ಟು ನೋಡಲೇಬಾರದು. ಆ ಬೆಳಕು ಕಣ್ಣಿಗೆ ಕಾಣದು, ಆದರೆ ಹಾನಿ ಮಾಡಬಲ್ಲುದು. ಎಳೆಗಳ ಬೆಸುಗೆಗೆ ಯಂತ್ರವುಳ್ಳ ಕುಶಲಿಗಳನ್ನೇ ಕರೆಸಬೇಕು.

ಇನ್ನೊಂದು ಎಚ್ಚರಿಕೆ. ಇಂಟರ್‌ನೆಟ್ ಕಂಪನಿಯವರು ಮನೆಗೆ ತರುವ ಫೈಬರನ್ನು ಅವರ ಪೆಟ್ಟಿಗೆಯಿಂದ ಕಿತ್ತು ನಮ್ಮ ಸ್ವಿಚ್ಚಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ನಡೆಯದು. ಅದರ ಪದ್ಧತಿಯೇ ಬೇರೆ. ಆ ಪೆಟ್ಟಿಗೆಯ ತಾಮ್ರದ ಪೋರ್ಟಿನಿಂದ ನಮ್ಮ ಸ್ವಿಚ್ಚಿಗೆ ಸಂಪರ್ಕ ಕೊಡಬೇಕು.

ಬೆಂಗಳೂರಿಗೆ ಚೀಟಿ ಬರೆಯುವ ಮುನ್ನ

ಕಟ್ಟಡದಿಂದ ಕಟ್ಟಡಕ್ಕೆ ಇರುವ ದೂರವನ್ನು ಟೇಪು ಹಿಡಿದು ಅಳೆಯಿರಿ. ಕ್ಯಾಮರಾಗಳ ಸಂಖ್ಯೆ, ಒಂದೊಂದಕ್ಕೆ ಬೇಕಾದ ವ್ಯಾಟ್, ಎಸ್.ಎಫ್.ಪಿ. ಗೂಡುಗಳ ಸಂಖ್ಯೆ, ಮಾಡ್ಯೂಲುಗಳ ಜಾತಿ ಇವಿಷ್ಟನ್ನೂ ಚೀಟಿಯಲ್ಲಿ ಬರೆದು ಮಕ್ಕಳಿಗೆ ಕಳಿಸಿ. ಕಟ್ಟಡದೊಳಗೆ ತಾಮ್ರ, ಕಟ್ಟಡಗಳ ನಡುವೆ ಫೈಬರ್: ಇಷ್ಟು ನೆನಪಿದ್ದರೆ ಸಾಕು. ಕೆಲಸವನ್ನು ಹೂಮಳೆಗೆ ಮುಂಚೆಯೇ ಮುಗಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.