ತುಂಬಿಸಿದ ಹಲ್ಲು: ಬದಲಿಸುವುದು ಯಾವಾಗ?

ನಮ್ಮ ದೇಹದಲ್ಲಿ ಅತ್ಯಂತ ಗಡುಸಾದ ವಸ್ತು ಯಾವುದು? ಎಲುಬು ಎಂದು ಹಲವರು ಹೇಳಿಯಾರು. ಆದರೆ ಹಲ್ಲಿನ ಮೇಲ್ಪದರವಾದ ಎನಾಮೆಲ್ಲು ಎಲುಬಿಗಿಂತಲೂ ಗಡುಸಾದುದು. ವಿಚಿತ್ರವೇನೆಂದರೆ, ಮುರಿದ ಎಲುಬು ಮತ್ತೆ ಕೂಡಿಕೊಳ್ಳುವುದು; ಕುಳಿಬಿದ್ದ ಎನಾಮೆಲ್ಲು ಮತ್ತೆ ಬೆಳೆಯಲಾರದು. ಅದನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ಹೊರಬರುವ ವೇಳೆಗೇ ಅಳಿದುಹೋಗಿರುತ್ತವೆ. ಆದುದರಿಂದಲೇ ಹುಳುಕು ಹಲ್ಲಿಗೆ ನಾವು ‘ಸಿಮೆಂಟು ಹಾಕಿಸ’ಬೇಕಾಗುತ್ತದೆ. ಹೀಗೆ ತುಂಬಿಸಿದುದು ಹಳೆಯದಾದೊಡನೆ ಅದನ್ನು ತೆಗೆಸಿ ಹೊಸದನ್ನು ಹಾಕಿಸಬೇಕೇ? ಈ ಪ್ರಶ್ನೆಗೆ ಉತ್ತರ ಹೇಳುವಲ್ಲಿ ಭೌತವಿಜ್ಞಾನಕ್ಕೂ ಒಂದು ಪಾಲುಂಟು.

ಹಲ್ಲಿಗೆ ಹುಳು ಬಿದ್ದಿದೆ ಎಂದು ನಾವು ಆಡುವುದು ವಾಡಿಕೆ. ವಾಸ್ತವವಾಗಿ ಅಲ್ಲಿ ಹುಳುವಿಲ್ಲ. ಹಲ್ಲಿನ ಮೇಲೆ ಅಂಟಿಕೊಂಡ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಎನಾಮೆಲ್ಲಿನ ಖನಿಜವನ್ನು ಕರಗಿಸುತ್ತದೆ. ದಂತವೈದ್ಯರು ಕೆಟ್ಟ ಭಾಗವನ್ನು ಕೆರೆದು ತೆಗೆದು, ಕುಳಿಯನ್ನು ತಕ್ಕ ಪದಾರ್ಥದಿಂದ ಮುಚ್ಚುತ್ತಾರೆ.

ಬಹುಕಾಲ ಬಳಕೆಯಲ್ಲಿದ್ದ ಪದಾರ್ಥ ಅಮಾಲ್ಗಮ್ ಎಂಬ ಮಿಶ್ರಲೋಹ. ಇದರ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸ. ಉಳಿದುದು ಬೆಳ್ಳಿ, ತವರ, ತಾಮ್ರಗಳು. ಈಗ ಹೆಚ್ಚಾಗಿ ಬಳಸುವುದು ಹಲ್ಲಿನ ಬಣ್ಣದ ಕಾಂಪೊಸಿಟ್. ಇದು ರಾಳದಲ್ಲಿ ನುಣ್ಣನೆಯ ಗಾಜಿನ ಕಣಗಳನ್ನು ಬೆರೆಸಿದ ಪದಾರ್ಥ.

ಉಷ್ಣ ವ್ಯಾಕೋಚನದ ಪಾಠ ಹೇಳುವಾಗ ರೈಲು ಕಂಬಿಗಳ ನಡುವಣ ಸಂದಿನ ಉದಾಹರಣೆಯನ್ನು ಕೊಡುವುದುಂಟು. ಅದೇ ನಿಯಮ ನಮ್ಮ ಬಾಯಿಯೊಳಗೂ ನಡೆಯುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಎನಾಮೆಲ್ಲು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಭಾಗ ಹಿಗ್ಗಿದರೆ, ಅಮಾಲ್ಗಮ್ ಸುಮಾರು 25 ಭಾಗ ಹಿಗ್ಗುವುದು. 4 ಮಿಲಿಮೀಟರ್ ಅಗಲದ ಒಂದು ಕುಳಿಯನ್ನು ಭಾವಿಸಿಕೊಳ್ಳಿ. ಬಿಸಿ ಕಾಫಿಯ ಬೆನ್ನಿಗೆ ಐಸ್ ನೀರನ್ನು ಕುಡಿದು ಉಷ್ಣತೆ 50 ಡಿಗ್ರಿ ಇಳಿಯಿತೆನ್ನೋಣ. ಆಗ ತುಂಬಿಸಿದ ಲೋಹವು ಕುಳಿಗಿಂತ ಸುಮಾರು 0.003 ಮಿಲಿಮೀಟರ್ ಹೆಚ್ಚಾಗಿ ಕುಗ್ಗುವುದು. ಇದು ಕಣ್ಣಿಗೆ ಕಾಣದಷ್ಟು ಕಿರಿದು. ಆದರೆ ಸೂಕ್ಷ್ಮಜೀವಿಯ ಗಾತ್ರ ಸುಮಾರು 0.001 ಮಿಲಿಮೀಟರ್ ಮಾತ್ರ; ಅದಕ್ಕೆ ಇದು ಹೆಬ್ಬಾಗಿಲೇ ಸರಿ!

ನಿಜಕ್ಕೂ ನುಂಗುವಷ್ಟರಲ್ಲಿ ಹಲ್ಲಿನ ಒಳಭಾಗ ಅಷ್ಟೊಂದು ತಣ್ಣಗಾಗುವುದಿಲ್ಲ. ಅಲ್ಲದೆ ಅಮಾಲ್ಗಮ್ ನಿಧಾನವಾಗಿ ಸವೆದು, ಅದರಿಂದುಂಟಾದ ತುಕ್ಕಿನಂಥ ವಸ್ತುವೇ ಸಂದನ್ನು ಮುಚ್ಚುತ್ತ ಬರುವುದು. ಕಾಂಪೊಸಿಟ್ಟಿನ ತೊಡಕು ಬೇರೆ: ಅದು ಗಟ್ಟಿಯಾಗುವಾಗಲೇ ಕುಗ್ಗುವುದು. ಆದುದರಿಂದ ಎನಾಮೆಲ್ಲನ್ನು ಫಾಸ್ಫಾರಿಕ್ ಆಮ್ಲದಿಂದ ತರಿಯಾಗಿಸಿ ಅದನ್ನು ಅಂಟಿಸುತ್ತಾರೆ. ಈ ಉಪಾಯವನ್ನು 1955ರಲ್ಲಿ ಪ್ರಕಟಿಸಿದವರು ಅಮೆರಿಕದ ಬ್ಯೂನೊಕೋರ್.

ಹಾಗಾದರೆ ಬದಲಿಸುವುದು ಯಾವಾಗ? ತುಂಬಿಸಿದುದರ ಅಡಿಯಲ್ಲಿ ಅಥವಾ ಅಂಚಿನಲ್ಲಿ ಹೊಸ ಹುಳುಕು ಕಂಡಾಗ, ಅದು ಅಥವಾ ಹಲ್ಲು ಬಿರುಕುಬಿಟ್ಟಾಗ, ಅದು ಸಡಿಲವಾದಾಗ. ಅಗಿಯುವಾಗ ನೋವು, ಬಹುಹೊತ್ತು ಉಳಿಯುವ ಜುಮ್ಮೆನ್ನುವಿಕೆ, ಪದೇಪದೇ ಆಹಾರ ಸಿಕ್ಕಿಕೊಳ್ಳುವಿಕೆ ಇವು ಪರೀಕ್ಷೆ ಮಾಡಿಸಿಕೊಳ್ಳಲು ಸೂಚನೆಗಳು. ಮೊದಮೊದಲು ನೋವು ಇಲ್ಲದೆಯೂ ಹುಳುಕು ಹಬ್ಬಬಹುದಾದುದರಿಂದ ವೈದ್ಯರು ಎಕ್ಸ್-ರೇ ಚಿತ್ರವನ್ನು ನೋಡುವುದುಂಟು. ಆದರೆ ಬಣ್ಣ ಮಾಸಿತೆಂದಾಗಲಿ, ಹತ್ತು ವರ್ಷ ಕಳೆಯಿತೆಂದಾಗಲಿ ತೆಗೆಸಬೇಕಾಗಿಲ್ಲ.

ಏಕೆಂದರೆ ಹಳೆಯದನ್ನು ಕೊರೆದು ತೆಗೆಯುವಾಗ ಸುತ್ತಲಿನ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ. ಪ್ರತಿ ಸಾರಿಯೂ ಕುಳಿ ದೊಡ್ಡದಾಗುವುದು, ಗೋಡೆ ತೆಳುವಾಗುವುದು. ಕೊನೆಗೆ ಹಲ್ಲಿಗೇ ಸಂಚಕಾರ. ಆದುದರಿಂದ ಕೆಟ್ಟ ಭಾಗವನ್ನಷ್ಟೇ ದುರಸ್ತಿ ಮಾಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳುವುದು ಜಾಣತನ.

ಪಾದರಸದ ಭಯವೂ ಹಲವರನ್ನು ಕಾಡುತ್ತದೆ. 2013ರ ಮಿನಮಾಟ ಒಪ್ಪಂದವು ಪರಿಸರದ ಹಿತಕ್ಕಾಗಿ ಅಮಾಲ್ಗಮ್ ಬಳಕೆಯನ್ನು ತಗ್ಗಿಸಲು ಹೇಳಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರಿಂದ, ವೈದ್ಯಕೀಯವಾಗಿ ಅತ್ಯವಶ್ಯವಾದ ಹೊರತು, ಅದನ್ನು ಹೊಸದಾಗಿ ತುಂಬುವಂತಿಲ್ಲ. ಆದರೆ ಬಾಯಲ್ಲಿ ಭದ್ರವಾಗಿರುವುದನ್ನು ತೆಗೆಸುವುದು ಬೇರೆ ಮಾತು. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚಾಗಿ ಹೊರಬೀಳುವುದು. ಚೆನ್ನಾಗಿರುವುದನ್ನು ವೈದ್ಯಕೀಯ ಅಗತ್ಯವಿಲ್ಲದೆ ತೆಗೆಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ ಸಲಹೆಯಿತ್ತಿತು.

ತುಂಬಿಸಿದ ಹಲ್ಲು ರೋಗಮುಕ್ತವಾದ ಹಲ್ಲಲ್ಲ. ದುರಸ್ತಿಯಾದ ಹಲ್ಲು ಮಾತ್ರ. ಸಿಹಿಯನ್ನು ಮಿತಗೊಳಿಸಿ, ದಿನಕ್ಕೆ ಎರಡು ಬಾರಿ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿದರೆ ಆ ದುರಸ್ತಿ ಬಹುಕಾಲ ಬಾಳುವುದು. ನಮ್ಮ ಹಲ್ಲಿಗೆ ಸಮನಾದ ಪದಾರ್ಥವನ್ನು ಯಾವ ಪ್ರಯೋಗಶಾಲೆಯೂ ಇನ್ನೂ ತಯಾರಿಸಿಲ್ಲ. ಇರುವುದನ್ನು ಉಳಿಸಿಕೊಳ್ಳುವುದೇ ಲೇಸು.