24 ಹೆಜ್ಜೆ, 450 ರೂಪಾಯಿ: ಬೇಸಿಗೆ ಓದಿನ ಮನೆಲೆಕ್ಕ

2025ರಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇತ್ತು. ಏಪ್ರಿಲ್‌ನಲ್ಲಿ 20, ಮೇನಲ್ಲಿ 28, ಒಟ್ಟು 48 ದಿನ. ಇದರಲ್ಲಿ ಅಜ್ಜಿ ಮನೆ, ಮದುವೆ, ಊರ ಜಾತ್ರೆ, ಸುಮ್ಮನೆ ಆಡುವ ದಿನಗಳು ಎಂದು ಅರ್ಧವನ್ನು ಮೊದಲೇ ಮಕ್ಕಳಿಗೆ ಬಿಟ್ಟುಬಿಡೋಣ. ಉಳಿಯುವುದು 24. ಓದಿಗೆ ಅಷ್ಟು ಸಾಕು.

24 ಎಂಬ ಸಂಖ್ಯೆಗೆ ಇನ್ನೊಂದು ಕಾರಣವೂ ಇದೆ. ನಮ್ಮ ಚೌಕಾಬಾರದ ಮನೆಯಲ್ಲಿ ಐದೈದು ಇಪ್ಪತ್ತೈದು ಚೌಕಗಳು. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತಿನಲ್ಲಿ 15 ಮನೆ, ಒಳಸುತ್ತಿನಲ್ಲಿ 8 ಮನೆ ದಾಟಿ ನಡುಮನೆ ಸೇರಿದರೆ ಹಣ್ಣು. ಎಣಿಸಿದರೆ ಸರಿಯಾಗಿ 24 ಹೆಜ್ಜೆ. ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಈ ಮನೆ ಬರೆಯಿರಿ, ಮಗುವಿಗೊಂದು ಹುಣಸೆಬೀಜವನ್ನೋ ಗುಲಗಂಜಿಯನ್ನೋ ಕೊಡಿ. ಕವಡೆ ಬೇಡ. 20 ನಿಮಿಷ ಓದಿದ ದಿನ ಕಾಯಿ ಒಂದು ಮನೆ ಮುಂದೆ ಹೋಗುತ್ತದೆ. ಓದದ ದಿನ ಅಲ್ಲೇ ಇರುತ್ತದೆ, ಹಿಂದಕ್ಕಂತೂ ಬರುವುದಿಲ್ಲ.

ಎಷ್ಟು ಪುಸ್ತಕ ಎಂದು ಎಣಿಸದೆ ಎಷ್ಟು ನಿಮಿಷ ಎಂದು ಎಣಿಸಬೇಕು. ಇಡೀ ಯೋಜನೆಯಲ್ಲಿ ನಾನು ಬಿಟ್ಟುಕೊಡದ ಮಾತು ಇದೊಂದೇ. ಬ್ರಿಟನ್ನಿನ ಗ್ರಂಥಾಲಯಗಳಲ್ಲಿ 1999ರಿಂದ ನಡೆದುಬಂದ ಬೇಸಿಗೆ ಓದಿನ ಸವಾಲಿನಲ್ಲಿ ಮಕ್ಕಳ ಮುಂದಿಟ್ಟ ಗುರಿ ಆರು ಪುಸ್ತಕ. ಅಲ್ಲಿ ಗ್ರಂಥಪಾಲಕರು ಪುಸ್ತಕ ಆರಿಸಲು ನೆರವಾಗುತ್ತಾರೆ, ಹಾಗಾಗಿ ಅದು ನಡೆಯುತ್ತದೆ. ಮನೆಯಲ್ಲಿ ಪುಸ್ತಕ ಎಣಿಸಲು ಹೊರಟರೆ ಮಕ್ಕಳು ತೆಳ್ಳಗಿನದನ್ನೇ ಹುಡುಕುತ್ತಾರೆ. ದಪ್ಪ ಪುಸ್ತಕ ಹಿಡಿದು ಕೂತ ಅಕ್ಕ ತಮ್ಮನಿಗಿಂತ ಹಿಂದೆ ಬೀಳುತ್ತಾಳೆ. ನಿಮಿಷದ ಲೆಕ್ಕದಲ್ಲಿ ಆ ಅನ್ಯಾಯ ಇಲ್ಲ.

24 ದಿನಕ್ಕೆ 20 ನಿಮಿಷದಂತೆ 480 ನಿಮಿಷ, ಅಂದರೆ ಎಂಟು ಗಂಟೆ. ಇದರಲ್ಲಿ ಎಷ್ಟು ಓದಬಹುದು? ಗೊತ್ತಾಗಬೇಕಾದರೆ ಮಗು ಒಂದು ನಿಮಿಷ ಗಟ್ಟಿಯಾಗಿ ಓದಲಿ, ನೀವು ಪದ ಎಣಿಸಿ. ಮೂರು ಸಲ ಎಣಿಸಿ ನಡುವಿನ ಸಂಖ್ಯೆಯನ್ನು ಇಟ್ಟುಕೊಳ್ಳಿ. ನಿಮಿಷಕ್ಕೆ 40 ಪದ ಬಂತೆನ್ನಿ. ಎಂಟು ಗಂಟೆಗೆ 19,200 ಪದ.

ಇಂಗ್ಲಿಷ್ ಓದಿನ ವೇಗದ ಪಟ್ಟಿ ಹಿಡಿದು ಕನ್ನಡ ಓದುವ ಮಗುವನ್ನು ಅಳೆಯಬೇಡಿ. ‘ಓದಿಸಿಕೊಳ್ಳುತ್ತಿದ್ದಳಂತೆ’ ಎಂಬುದು ನಮಗೆ ಒಂದು ಪದ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. ಸಂಖ್ಯೆ ಕಡಿಮೆ ಬಂದರೆ ಮಗು ಹಿಂದುಳಿದಿದೆ ಎಂದರ್ಥವಲ್ಲ.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳೂ ಇವೆ. ಓದಲು, ಮುದ್ರಿಸಿಕೊಳ್ಳಲು ದುಡ್ಡಿಲ್ಲ. ಅಲ್ಲಿ ಕತೆಗಳಿಗೆ ನಾಲ್ಕು ಹಂತ: ಮೊದಲನೆಯದು 250 ಪದದೊಳಗೆ, ಎರಡನೆಯದು 600ರೊಳಗೆ, ಮೂರನೆಯದು 1,500ರೊಳಗೆ, ನಾಲ್ಕನೆಯದು ಅದಕ್ಕೂ ಮೇಲೆ. ನಿಮಿಷಕ್ಕೆ 40 ಪದ ಓದುವ ಮಗು 600 ಪದದ ಕತೆಯನ್ನು 15 ನಿಮಿಷದಲ್ಲಿ ಮುಗಿಸುತ್ತದೆ, 24 ದಿನದಲ್ಲಿ ಅಂಥ 32 ಕತೆ. ಮೂರನೇ ಹಂತಕ್ಕೆ ಹೋದರೆ 12 ಮುಗಿದು 13ನೆಯದರ ಕೊನೆಗೆ ಬಂದಿರುತ್ತದೆ.

ಅಕ್ಷರ ಕೂಡಿಸಿ ಓದುವ, ನಿಮಿಷಕ್ಕೆ 15 ಪದವಷ್ಟೇ ದಾಟುವ ಮಗುವಿನ ಲೆಕ್ಕವೇ ನನಗೆ ಹೆಚ್ಚು ಮುಖ್ಯ. ದಿನಕ್ಕೆ 300 ಪದ, ಒಟ್ಟು 7,200. ಮೊದಲ ಹಂತದ 28 ಪುಸ್ತಕ! ಕುಳಿತಾಗಲೆಲ್ಲ ಒಂದು ಇಡೀ ಕತೆ ಮುಗಿಯುತ್ತದೆ. ತರಗತಿಯಲ್ಲಿ ಯಾವ ಪಾಠವನ್ನೂ ಒಂದೇ ಉಸಿರಿಗೆ ಮುಗಿಸಿರದ ಮಗುವಿಗೆ ಇದು ಎಂಥ ಸಂತೋಷ ಎಂಬುದನ್ನು ನೋಡಿಯೇ ತಿಳಿಯಬೇಕು. ಓದಿದ್ದನ್ನೇ ಮತ್ತೆ ಓದಿದರೂ ಕಾಯಿ ಮುಂದೆ ಹೋಗಲಿ. ಮಕ್ಕಳಿಗೆ ಎರಡನೇ ಓದೂ ಓದೇ.

ಈಗ ಖರ್ಚು. ಚೌಕಾಬಾರದ ಕಟ್ಟೆಗಳು ಕಾಯಿಗೆ 4, 8, 12ನೇ ಹೆಜ್ಜೆಯಲ್ಲಿ ಸಿಗುತ್ತವೆ. ಅಲ್ಲಿಂದ 24ರವರೆಗೆ ಕಟ್ಟೆಯೇ ಇಲ್ಲ. ಮಕ್ಕಳ ಉತ್ಸಾಹ ಬತ್ತುವುದೂ ಅಲ್ಲೇ. ಆದ್ದರಿಂದ 18ನೇ ಮನೆಯಲ್ಲಿ ನೀವೇ ಒಂದು ಕಟ್ಟೆ ಬರೆಯಿರಿ. ಕಟ್ಟೆ ತಲುಪಿದಾಗ ಮಗು ತಾನೇ ಆರಿಸಿದ ಒಂದು ಪುಸ್ತಕ, 60 ರೂಪಾಯಿಯ ಮಿತಿಯಲ್ಲಿ. ನಾಲ್ಕಕ್ಕೆ 240. ಹಣ್ಣಾದ ದಿನ 100 ರೂಪಾಯಿಯ ಪುಸ್ತಕ. ಐದು ಕತೆಗಳನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿಕೊಳ್ಳಿ: 16 ಪುಟದ ಕತೆಯನ್ನು ಒಂದು ಬದಿಗೆ ಎರಡೆರಡು ಪುಟ ಕೂಡಿಸಿದರೆ 8 ಬದಿ, ಬದಿಗೆ 2 ರೂಪಾಯಿ ಹಿಡಿದರೆ ಕತೆಗೆ 16, ಐದಕ್ಕೆ 80. ಚಿತ್ರಗಳಿಗೆ ಬಣ್ಣ ಮಕ್ಕಳೇ ತುಂಬಲಿ. ಹೊಸ ಪದ ಬರೆದುಕೊಳ್ಳಲು ನೋಟ್‌ಬುಕ್ 20, ಸೀಮೆಸುಣ್ಣ 10. ಒಟ್ಟು 450 ರೂಪಾಯಿ, ಓದಿದ ದಿನಕ್ಕೆ 18 ರೂಪಾಯಿ 75 ಪೈಸೆ. ಮನೆಯಲ್ಲಿ ಇಬ್ಬರಿದ್ದು ಪುಸ್ತಕ ಹಂಚಿಕೊಂಡರೆ ಹೆಚ್ಚುವುದು ಇನ್ನೊಂದು ನೋಟ್‌ಬುಕ್ ಮಾತ್ರ: 470, ತಲೆಗೆ 235. ಬಹುಮಾನವಾಗಿ ಹಣ, ಚಾಕೊಲೇಟ್, ಮೊಬೈಲ್ ಆಟ ಯಾವುದೂ ಬೇಡ. ಓದಿಗೆ ಸಿಗುವ ಉಡುಗೊರೆ ಇನ್ನೊಂದು ಓದೇ ಆಗಿರಲಿ.

ನಿಮಿಷಕ್ಕೆ 40 ಪದ ಓದುವ ಮಗುವಿನ 32 ಕತೆಗಳಲ್ಲಿ ಕಟ್ಟೆಯ ನಾಲ್ಕು, ಮುದ್ರಿಸಿದ ಐದು ಕಳೆದರೆ 23 ಉಳಿದವು. ಅವಕ್ಕೆ ಗ್ರಂಥಾಲಯ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ನಗರದವರು ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಕಟ್ಟಿರುತ್ತೀರಿ. 3,000 ರೂಪಾಯಿ ತೆರಿಗೆಗೆ 180 ರೂಪಾಯಿ. ಆ ದುಡ್ಡು ನಿಮ್ಮದೇ. ಮಗುವನ್ನು ಕರೆದುಕೊಂಡು ಹೋಗಿ, ಮಕ್ಕಳ ಪುಸ್ತಕದ ಕಪಾಟು ಬರಿದಾಗಿದ್ದರೆ ಕೇಳಿ.

ಏಪ್ರಿಲ್ ಪೂರ್ತಿ ನೆಂಟರ ಮನೆಯಲ್ಲೇ ಕಳೆದುಹೋಯಿತೇ? ಚಿಂತೆಯಿಲ್ಲ. ಮೇ 5ರಂದು ಆರಂಭಿಸಿ ದಿನವೂ ಓದಿದರೆ, ಶಾಲೆ ಬಾಗಿಲು ತೆರೆಯುವ ಮುನ್ನಾದಿನ, ಮೇ 28ಕ್ಕೆ, ಕಾಯಿ ಹಣ್ಣಾಗುತ್ತದೆ.